ಮೆಟ್ನರ್ ಮತ್ತು ಮೈಸೂರು

ಕಲಾವಿದನಿಗೆ ಬಡತನಕ್ಕಿಂತ ದುಸ್ಸಹವಾದುದು ಒಂದಿದೆ. ತಾನು ಬದುಕಿರುವಾಗಲೇ ಕಾಲವು ತನ್ನನ್ನು ಹಿಂದಕ್ಕೆ ಬಿಟ್ಟು ಮುಂದೆ ಸಾಗಿತೆಂಬ ಅರಿವು ಅದು. ಬಡತನವನ್ನು ನೀಗಲು ಯಾರಾದರೂ ನೆರವಾಗಬಹುದು. ಈ ಅರಿವನ್ನು ನೀಗುವವರು ಅಪರೂಪ. ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಟ್ನರ್ ಇವೆರಡನ್ನೂ ಉಂಡವನು. ಅವನ ಮೂರನೆಯ ಪಿಯಾನೊ ಕಾನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮಡಿದ ಒಬ್ಬನ ಕೃತಿಗೂ ನಮ್ಮ ಊರಿಗೂ ಇರುವ ಈ ನಂಟು ನನ್ನನ್ನು ಬಹುಕಾಲದಿಂದ ಯೋಚನೆಗೆ ಹಚ್ಚಿದೆ. ನಾನು ಸಂಗೀತಶಾಸ್ತ್ರಜ್ಞನಲ್ಲ, ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಕವಿ, ಆಶ್ರಯದಾತ, ಕೃತಿ ಈ ಮೂರರ ಸಂಬಂಧವನ್ನು ಓದುತ್ತ ಬಂದವನಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ. ಪೂರ್ವಿಕರು ಜರ್ಮನ್ ಮೂಲದವರು. ಮನೆಯಲ್ಲಿ ಗಯಟೆಯ ಕಾವ್ಯಕ್ಕೂ ಪುಷ್ಕಿನ್ನನ ಕಾವ್ಯಕ್ಕೂ ಸಮಾನವಾದ ಮಣೆ. 1900ರಲ್ಲಿ ಮಾಸ್ಕೋ ಸಂಗೀತಶಾಲೆಯಿಂದ ಪಿಯಾನೊವಾದನದಲ್ಲಿ ಚಿನ್ನದ ಪದಕ ಪಡೆದು ಹೊರಬಂದ ಈ ತರುಣನ ಮುಂದೆ ವಾದಕನ ಕೀರ್ತಿಯ ಹೆದ್ದಾರಿ ತೆರೆದಿತ್ತು. ಅವನು ಅದನ್ನು ಬಿಟ್ಟು ರಚನೆಯ ಕಾಲುಹಾದಿಯನ್ನು ಹಿಡಿದ. ಹದಿನಾಲ್ಕು ಪಿಯಾನೊ ಸೊನಾಟಾಗಳು, ಮೂರು ಕಾನ್ಚರ್ಟೊಗಳು, ನೂರಕ್ಕೂ ಮಿಕ್ಕ ಹಾಡುಗಳು, ‘ಸ್ಕಾಜ್ಕಾ’ ಎಂದರೆ ಕಥೆ ಎಂಬ ಹೆಸರಿನ ಪುಟ್ಟ ರಚನೆಗಳ ಮಾಲೆಗಳು ಅವನ ಬಾಳಿನ ಬೆಳೆ. ಇವುಗಳಲ್ಲಿ ಪಿಯಾನೊ ಇಲ್ಲದ ಕೃತಿ ಒಂದೂ ಇಲ್ಲ. ಒಂದೇ ವಾದ್ಯವನ್ನು ಇಷ್ಟು ನಿಷ್ಠೆಯಿಂದ ನೆಚ್ಚಿದ ಆ ಮನಸ್ಸು ನಮ್ಮ ವೈಣಿಕರ ಮನಸ್ಸಿಗೆ ದೂರದ್ದೇನೂ ಅಲ್ಲ.

ಅವನು ಹೊಳೆದ ಸ್ವರಪಂಕ್ತಿಗಳನ್ನೆಲ್ಲ ಪುಸ್ತಕಗಳಲ್ಲಿ ಗುರುತು ಹಾಕಿಡುತ್ತಿದ್ದ. ಅವು ವರ್ಷಗಟ್ಟಲೆ ಅಲ್ಲಿಯೇ ಮಲಗಿರುತ್ತಿದ್ದವು. ಕ್ರಾಂತಿಯ ಅನಂತರದ ಕ್ಷಾಮದ ದಿನಗಳಲ್ಲಿ ಆ ಹಳೆಯ ಪುಟಗಳಿಂದ ಎತ್ತಿಕೊಂಡು ಕಟ್ಟಿದ ಮಾಲೆಗಳಿಗೆ ಅವನಿಟ್ಟ ಹೆಸರು ‘ಮರೆತ ರಾಗಗಳು’. ಅವುಗಳಲ್ಲಿ ಮೊದಲನೆಯದು ‘ಸ್ಮರಣೆ’ ಎಂಬ ಸೊನಾಟಾ. ಅಬ್ಬರವಿಲ್ಲದೆ, ಮುಸ್ಸಂಜೆಯ ಬೆಳಕಿನಂತೆ ಆರಂಭವಾಗುವ ಈ ಕೃತಿಯನ್ನು ಕೇಳಿದಾಗಲೆಲ್ಲ, ಊರು ಬಿಡಲು ಗಂಟುಮೂಟೆ ಕಟ್ಟುತ್ತಿರುವವನು ಮನೆಯ ಕೋಣೆಗಳನ್ನು ಒಂದೊಂದಾಗಿ ನೋಡುತ್ತ ನಡೆಯುವಂತೆ ನನಗೆ ಭಾಸವಾಗುತ್ತದೆ. 1921ರಲ್ಲಿ ಮೆಟ್ನರ್ ಪತ್ನಿ ಅನ್ನಾಳೊಡನೆ ರಷ್ಯವನ್ನು ಬಿಟ್ಟ. 1927ರ ಒಂದು ಕಚೇರಿಯಾತ್ರೆಯನ್ನು ಬಿಟ್ಟರೆ ಮತ್ತೆ ಅವನು ಸ್ವದೇಶವನ್ನು ಕಾಣಲಿಲ್ಲ.

ಬರ್ಲಿನ್, ಪ್ಯಾರಿಸ್, ಎಲ್ಲಿಯೂ ಅವನಿಗೆ ನೆಲೆ ದೊರೆಯಲಿಲ್ಲ. ಅದು ಸ್ಟ್ರಾವಿನ್ಸ್ಕಿ, ಶ್ಯೋನ್‌ಬರ್ಗ್ ಮೊದಲಾದವರ ಹೊಸ ಪಂಥಗಳ ಕಾಲ. ಬೀಥೋವನ್ನನನ್ನು ಗುರುವೆಂದು ನಂಬಿದ ಮೆಟ್ನರ್ ಆ ಸಂತೆಯಲ್ಲಿ ಹಳೆಯ ನಾಣ್ಯ ಹಿಡಿದು ಬಂದವನಂತೆ ಕಂಡ. ಅವನನ್ನು ಸಮಕಾಲೀನರಲ್ಲಿ ಅತಿಶ್ರೇಷ್ಠನೆಂದು ಎಣಿಸಿದ ರಖ್ಮಾನಿನೊವ್ ಒಬ್ಬನು ಬೆನ್ನಿಗೆ ನಿಂತ. ಅಮೆರಿಕದಲ್ಲಿ ಕಚೇರಿಗಳು ಏರ್ಪಡಲು ನೆರವಾದ. ತನ್ನ ನಾಲ್ಕನೆಯ ಕಾನ್ಚರ್ಟೊವನ್ನು ಮೆಟ್ನರನಿಗೆ ಅರ್ಪಿಸಿದ. ಮೆಟ್ನರ್ ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದ. ಮೆಟ್ನರ್ ತನ್ನ ಕಲಾನಂಬಿಕೆಯನ್ನು ವಿವರಿಸಿ ಬರೆದ ‘ಕಲಾದೇವಿ ಮತ್ತು ಫ್ಯಾಷನ್’ ಎಂಬ ಗ್ರಂಥವನ್ನು 1935ರಲ್ಲಿ ಪ್ರಕಟಿಸಿದ್ದೂ ರಖ್ಮಾನಿನೊವ್ ಸ್ಥಾಪಿಸಿದ ಪ್ರಕಟಣಸಂಸ್ಥೆಯೇ.

ಸಂಗೀತವೂ ಒಂದು ಭಾಷೆ. ಅದರ ವ್ಯಾಕರಣವನ್ನು ಕಿತ್ತೊಗೆದು ಮಾತನಾಡಲು ಬರುವುದಿಲ್ಲ ಎಂಬುದು ಆ ಗ್ರಂಥದ ತಿರುಳು. ನಮ್ಮಲ್ಲಿಯೂ ನವೋದಯ–ನವ್ಯಗಳ ವಾದ ನಡೆದಾಗ ಇಂಥ ಮಾತುಗಳು ಕೇಳಿಬಂದಿದ್ದವು. ಮೆಟ್ನರನ ತರ್ಕದಲ್ಲಿ ನನಗೆ ಪೂರ್ಣ ಸಮ್ಮತಿಯಿಲ್ಲ. ಭಾಷೆಯ ವ್ಯಾಕರಣವೂ ಬದಲಾಗುತ್ತದೆ ಎಂಬುದಕ್ಕೆ ಪಂಪನಿಂದ ಕುಮಾರವ್ಯಾಸನವರೆಗಿನ ಕನ್ನಡವೇ ಸಾಕ್ಷಿ. ಆದರೆ ವಾದದಲ್ಲಿ ಸೋತವನು ಕೃತಿಯಲ್ಲಿ ಗೆಲ್ಲಬಹುದು. ಹೊಸತನವನ್ನು ಒಲ್ಲೆನೆಂದ ಅದೇ ವ್ಯಕ್ತಿಯ ಲಯವಿನ್ಯಾಸ, ಒಂದರೊಳಗೊಂದು ಹೆಣೆದ ನಡೆಗಳು, ಯಾವ ಹಳಬನನ್ನೂ ಅನುಕರಿಸಿದವಲ್ಲ.

1935ರಲ್ಲಿ ಮೆಟ್ನರ್ ದಂಪತಿಗಳು ಲಂಡನ್ನಿಗೆ ಬಂದು ಗೋಲ್ಡರ್ಸ್ ಗ್ರೀನ್ ಎಂಬಲ್ಲಿ ನೆಲೆಸಿದರು. ಪಾಠ ಹೇಳಿ ಜೀವನ. ಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಆದಾಯವೂ ನಿಂತಿತು. ಬಾಂಬುಗಳ ಭೀತಿಯಲ್ಲಿ ಅವರು ಪಿಯಾನೊವಾದಕಿ ಎಡ್ನಾ ಐಲ್ಸ್ ಅವರ ಆಶ್ರಯ ಪಡೆದು ವಾರಿಕ್‌ಷೈರಿಗೆ ಹೋಗಬೇಕಾಯಿತು. 1942ರಲ್ಲಿ ಹೃದಯಾಘಾತ. ಅದರಿಂದ ಚೇತರಿಸಿಕೊಂಡು ಮೂರನೆಯ ಕಾನ್ಚರ್ಟೊವನ್ನು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ. ಅಷ್ಟರಲ್ಲಿ ರಖ್ಮಾನಿನೊವ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಜಗತ್ತಿನ ಕಿವಿ ಬೇರೆಡೆಗೆ ತಿರುಗಿತ್ತು.

ಇಂಥ ಹೊತ್ತಿನಲ್ಲಿ, 1946ರಲ್ಲಿ, ಮೈಸೂರಿನಿಂದ ಸಹಾಯಹಸ್ತ ಬಂದಿತು. ಮಹಾರಾಜ ಜಯಚಾಮರಾಜ ಒಡೆಯರು ಆಗ ಇಪ್ಪತ್ತೇಳರ ಆಸುಪಾಸಿನವರು. ಪಿಯಾನೊವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ ಕಚೇರಿಯ ವಾದಕರಾಗಬೇಕೆಂಬ ಆಸೆಯಿಟ್ಟುಕೊಂಡಿದ್ದವರು. 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಒಂದೇ ವರ್ಷದಲ್ಲಿ ಅಗಲಿದಾಗ ಆ ಆಸೆಯನ್ನು ಬಿಟ್ಟು ಸಿಂಹಾಸನವನ್ನೇರಬೇಕಾಯಿತು. ಅವರ ನೆರವಿನಿಂದ ‘ಮೆಟ್ನರ್ ಸೊಸೈಟಿ’ ಹುಟ್ಟಿತು; ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಿತು. 1950ರವರೆಗೆ ನಡೆದ ಈ ಕಾರ್ಯದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೂರೂ ಕಾನ್ಚರ್ಟೊಗಳು ಧ್ವನಿಮುದ್ರಿತವಾದವು. ಶ್ವಾರ್ಟ್ಸ್‌ಕಾಫ್ ಅವರಂಥ ಗಾಯಕಿ ಅವನ ಹಾಡುಗಳನ್ನು ಹಾಡಿದರು. ಯೌವನದಲ್ಲಿ ತೊಡಗಿ ನಾಲ್ಕು ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಮುಪ್ಪಿನಲ್ಲಿ ಮುಗಿಸಿದ ಪಂಚವಾದ್ಯದ ಕೃತಿಯೂ ತಟ್ಟೆಗಿಳಿಯಿತು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಇದೇ ಮಹಾರಾಜರ ಧನಸಹಾಯದಿಂದ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ಸರಿಯಲ್ಲ. ಲಂಡನ್ನಿನಲ್ಲಿ ಈ ಧ್ವನಿಮುದ್ರಣ ನಡೆಯುತ್ತಿದ್ದ 1947ರಲ್ಲಿಯೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಿತ್ತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬರುವವರೆಗೆ ಜನ ಸೆರೆಮನೆಗೆ ಹೋದರು, ಪೆಟ್ಟು ತಿಂದರು. ಅರಮನೆಯ ಹಣ ಯಾವ ಲೆಕ್ಕದಿಂದ ಬಂದರೂ ಮೂಲದಲ್ಲಿ ಅದು ಈ ನೆಲದ ರೈತನ ಬೆವರು. ಅವನು ಹೆಸರು ಕೂಡ ಕೇಳಿರದ ವಿದೇಶೀಯನ ಸಂಗೀತಕ್ಕೆ ಅದನ್ನು ವೆಚ್ಚಮಾಡುವುದು ನ್ಯಾಯವೇ? ಪ್ರಶ್ನೆ ನ್ಯಾಯವಾದದ್ದೇ. ಪ್ರಜಾಸತ್ತೆಯಲ್ಲಿ ಅದು ಏಳಲೇಬೇಕು. ಮಹಾರಾಜರ ರಸಿಕತೆಯನ್ನು ಹೊಗಳುವ ಭರದಲ್ಲಿ ಅದನ್ನು ಮರೆಯಿಸಬಾರದು.

ಆದರೂ ನನ್ನ ಮನಸ್ಸು ಅತ್ತಿಮಬ್ಬೆಯತ್ತ ಹೋಗುತ್ತದೆ. ಹತ್ತನೆಯ ಶತಮಾನದ ಆ ಮಹಾತಾಯಿ ರನ್ನನಿಗೆ ಆಶ್ರಯವಿತ್ತಳು. ಜೊತೆಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಕೃತಿಯನ್ನು ಬರೆಯಿಸಿಕೊಂಡ ದಾನಿಗೆ ಹೊಗಳಿಕೆಯ ಪಾಲು ಸಿಗುತ್ತದೆ; ಅರಿಕೇಸರಿ ಅರ್ಜುನನೊಡನೆ ಒಂದಾಗಿ ಪಂಪಭಾರತದಲ್ಲಿ ಉಳಿದ. ಆಗಲೇ ರಚಿತವಾಗಿದ್ದು ಅಳಿವಿನ ಅಂಚಿಗೆ ಬರಬಹುದಾದ ಕೃತಿಯನ್ನು ಪ್ರತಿಮಾಡಿಸುವವರ ದಾನ ಬೇರೆ ಬಗೆಯದು. ಅದರಲ್ಲಿ ದಾನಿಗೆ ಕೀರ್ತಿ ಕಡಿಮೆ, ಲೋಕಕ್ಕೆ ಲಾಭ ಹೆಚ್ಚು. ಮಹಾರಾಜರು ಮೆಟ್ನರನಿಂದ ಪ್ರಶಸ್ತಿಗೀತೆಯನ್ನು ಬರೆಸಿಕೊಳ್ಳಲಿಲ್ಲ. ಅರ್ಪಣೆಗೊಂಡ ಕಾನ್ಚರ್ಟೊ ಅವರ ನೆರವಿಗೆ ಮುಂಚೆಯೇ ರಚಿತವಾಗಿದ್ದುದು. ಮುದುಕನ ಬೆರಳುಗಳಲ್ಲಿ ಇನ್ನೂ ಶಕ್ತಿಯಿರುವಾಗಲೇ ಅವನ ನುಡಿಸಾಣಿಕೆಯನ್ನು ಅವರು ಪ್ರತಿಮಾಡಿಸಿದರು. ಓಲೆಗರಿಯ ಬದಲು ಅರಗಿನ ತಟ್ಟೆ, ಅಷ್ಟೆ.

ಮಹಾರಾಜರು ಮುಂದೆ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಆಳಕ್ಕಿಳಿದು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು, 1974ರಲ್ಲಿ ತೀರಿಕೊಂಡರು. ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಕಣ್ಣುಮುಚ್ಚಿದ. ಅನ್ನಾ 1958ರಲ್ಲಿ ರಷ್ಯಕ್ಕೆ ಹಿಂದಿರುಗಿದಳು. ಅಲ್ಲಿ 1959ರಿಂದ 1963ರವರೆಗೆ ಅವನ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು. ‘ಸ್ಮರಣೆ’ಯನ್ನು ಗಿಲೆಲ್ಸ್ ನುಡಿಸಿದ. 1990ರ ದಶಕದಲ್ಲಿ ಹದಿನಾಲ್ಕು ಸೊನಾಟಾಗಳನ್ನೂ ಕೆನಡಾದ ಹ್ಯಾಮೆಲಿನ್ ಮುದ್ರಿಸಿದ. ಮೈಸೂರಿನ ನೆರವಿನಿಂದಾದ ಹಳೆಯ ತಟ್ಟೆಗಳೂ ಅದೇ ದಶಕದಲ್ಲಿ ಹೊಸ ರೂಪದಲ್ಲಿ ಹೊರಬಂದವು.

ಇಂದು ಮೆಟ್ನರನನ್ನು ನುಡಿಸಹೊರಟ ಯಾವ ತರುಣನೂ ರಚಿಸಿದವನ ಬೆರಳು ಎಲ್ಲಿ ತಡೆಯಿತು, ಎಲ್ಲಿ ಹರಿಯಿತು ಎಂಬುದನ್ನು ಅವುಗಳಿಂದ ಕೇಳಿ ತಿಳಿಯಬಲ್ಲ. ಪೊನ್ನನ ಪ್ರತಿಗಳನ್ನು ಬರೆದ ಲಿಪಿಕಾರರ ಹೆಸರುಗಳು ನಮಗೆ ದೊರೆತಿಲ್ಲ; ಬರೆಸಿದವಳ ಹೆಸರು ಸಾವಿರ ವರ್ಷ ನಿಂತಿದೆ. ಕೃತಿ ಬದುಕಿರುವವರೆಗೆ ಅದನ್ನು ಉಳಿಸಿದವರ ಋಣವೂ ಬದುಕಿರುತ್ತದೆ. ಆ ಋಣದಲ್ಲಿ ಹೆಸರಿಲ್ಲದ ರೈತನ ಪಾಲನ್ನೂ ಸೇರಿಸಿ ಎಣಿಸುವುದು ನಮ್ಮ ಕರ್ತವ್ಯ.