ಮಡಕೆ ಚೂರಿನಿಂದ ಹುಟ್ಟಿದ ಪದ: ಆಸ್ಟ್ರಸೈಜ್

ಕುಂಟೆಬಿಲ್ಲೆ ಆಡೋಕೆ ಮಡಕೆ ಚೂರು ಹುಡುಕಿದ್ದೀರಾ? ಹಳೇ ಗ್ರೀಕ್ ಭಾಷೆಯಲ್ಲಿ ಅಂಥ ಚೂರಿಗೆ 'ಆಸ್ಟ್ರಕಾನ್' ಅಂತಿದ್ರು. ಇವತ್ತಿನ ಪದ 'ಆಸ್ಟ್ರಸೈಜ್' ಬಂದಿದ್ದು ಅದರಿಂದಲೇ. ಅರ್ಥ, ಒಬ್ಬರನ್ನು ಗುಂಪಿನಿಂದ ಹೊರಗಿಡೋದು. ನಮ್ಮ 'ಬಹಿಷ್ಕಾರ ಹಾಕು' ಹತ್ತಿರ ಬರುತ್ತೆ. ಬಾಯ್ಕಾಟ್‌ಗೂ ಇದಕ್ಕೂ ವ್ಯತ್ಯಾಸ ಇದೆ: ಅಂಗಡಿನ, ಸಿನಿಮಾನ ಬಾಯ್ಕಾಟ್ ಮಾಡಬಹುದು, ಆಸ್ಟ್ರಸೈಜ್ ಮಾಡಕ್ಕಾಗಲ್ಲ. 'ಶಿ ವಾಸ್ ಆಸ್ಟ್ರಸೈಜ್ಡ್' ಅಂತಲೇ ಹೆಚ್ಚಾಗಿ ಬರೀತಾರೆ. ಮಾಡಿದವರು ಯಾರು ಅನ್ನೋದು ವಾಕ್ಯದಲ್ಲಿ ಇರೋದೇ ಇಲ್ಲ, ಗಮನಿಸಿ.

ಈಗ ಅಥೆನ್ಸ್‌ಗೆ ಬನ್ನಿ. ಕ್ರಿ.ಪೂ. 510ರಲ್ಲಿ ಹಿಪ್ಪಿಯಾಸ್ ಅನ್ನೋ ಸರ್ವಾಧಿಕಾರಿಯನ್ನು ಓಡಿಸಿದ ಊರು ಅದು. ಮತ್ತೊಬ್ಬ ಅಂಥವನು ಬೆಳೆದುಬಿಟ್ಟರೆ ಅನ್ನೋ ಭಯ ಇತ್ತು. ಅದಕ್ಕೆ ವರ್ಷಕ್ಕೊಮ್ಮೆ ಸಭೆಯಲ್ಲಿ ಕೇಳ್ತಿದ್ರು: ಈ ಸಲ ಯಾರನ್ನಾದ್ರೂ ಹೊರಗೆ ಕಳಿಸಬೇಕಾ? ಹೌದು ಅಂದ್ರೆ, ಕೆಲವು ವಾರ ಬಿಟ್ಟು ಒಂದು ದಿನ ಎಲ್ಲರೂ ಮಡಕೆ ಚೂರಿನ ಮೇಲೆ ಒಂದು ಹೆಸರು ಗೀಚಿ ಹಾಕಬೇಕು. ('ಎಲ್ಲರೂ' ಅಂದ್ರೆ ನಾಗರಿಕ ಗಂಡಸರು ಮಾತ್ರ. ಹೆಂಗಸರು, ಗುಲಾಮರು ಲೆಕ್ಕಕ್ಕಿಲ್ಲ.) 6000 ಮತ ಬೇಕು. ಆಪಾದನೆ ಇಲ್ಲ, ವಿಚಾರಣೆ ಇಲ್ಲ. ಸಿಕ್ಕಿಬಿದ್ದವನು 10 ದಿನದಲ್ಲಿ ಊರು ಬಿಡಬೇಕು.

ಆದ್ರೆ ಇಲ್ಲೊಂದು ವಿಷಯ ಇದೆ. ಶಿಕ್ಷೆ 10 ವರ್ಷ, ಅಷ್ಟೇ. ಅವನ ಆಸ್ತಿ ಅವನದೇ, ನಾಗರಿಕತ್ವವೂ ಹೋಗಲ್ಲ. ವಾಪಸ್ ಬಂದ ಮೇಲೆ ಮೊದಲಿನ ಹಾಗೇ ಬದುಕಬಹುದು. ಇಂಗ್ಲಿಷಿಗೆ 17ನೇ ಶತಮಾನದಲ್ಲಿ ಬಂದ ಪದಕ್ಕೆ ಈ ಗಡುವು ಅಂಟಿಕೊಂಡು ಬರಲಿಲ್ಲ. ಇವತ್ತು ಒಂದು ಕ್ಲಾಸು ಒಬ್ಬಳ ಜೊತೆ ಮಾತು ಬಿಟ್ಟರೆ, ಯಾವತ್ತಿನವರೆಗೆ ಅಂತ ಅವಳಿಗೆ ಯಾರೂ ಹೇಳಲ್ಲ.

ಹಾಗಂತ ಅಥೆನ್ಸ್‌ನವರು ದೊಡ್ಡ ನ್ಯಾಯವಂತರು ಅಂದ್ಕೋಬೇಡಿ. ಅರಿಸ್ಟೈಡೀಸ್‌ಗೆ 'ನ್ಯಾಯವಂತ' ಅಂತಲೇ ಬಿರುದು. ಓದು ಬರಹ ಬಾರದ ಒಬ್ಬ, ಇವನು ಯಾರು ಅಂತ ಗೊತ್ತಿಲ್ಲದೆ ಇವನ ಕೈಗೇ ಚೂರು ಕೊಟ್ಟು 'ಅರಿಸ್ಟೈಡೀಸ್' ಅಂತ ಬರೆದುಕೊಡು ಅಂದನಂತೆ. ಏನು ಮಾಡಿದ್ದಾನೆ ಅವನು? ಏನಿಲ್ಲ, ಎಲ್ಲರೂ ನ್ಯಾಯವಂತ, ನ್ಯಾಯವಂತ ಅನ್ನೋದು ಕೇಳಿ ಕೇಳಿ ಬೇಜಾರಾಗಿದೆ ಅಷ್ಟೆ. ಇವನು ಸುಮ್ಮನೆ ಬರೆದುಕೊಟ್ಟ. ಪ್ಲುಟಾರ್ಕ್ ಹೇಳೋ ಕಥೆ ಇದು, ಎಷ್ಟು ನಿಜವೋ! ಕ್ರಿ.ಪೂ. 482ರಲ್ಲಿ ಅವನನ್ನು ಹೊರಹಾಕಿದ್ದು ಮಾತ್ರ ನಿಜ. ಪರ್ಷಿಯಾ ದಂಡೆತ್ತಿ ಬಂದಾಗ ಎರಡೇ ವರ್ಷಕ್ಕೆ ವಾಪಸ್ ಕರೆಸಿಕೊಂಡರು!

ಕಳ್ಳಾಟಕ್ಕೂ ಸಾಕ್ಷಿ ಇದೆ. 1937ರಲ್ಲಿ ಅಕ್ರೊಪೊಲಿಸ್ ಗುಡ್ಡದ ಪಕ್ಕ ಒಂದು ಹಳೇ ಬಾವಿಯಲ್ಲಿ 190 ಚೂರು ಸಿಕ್ಕವು. ಎಲ್ಲದರ ಮೇಲೂ ಥೆಮಿಸ್ಟೊಕ್ಲೀಸ್ ಹೆಸರು, ಆದ್ರೆ ಕೈಬರಹ ಬರೀ 14 ಜನರದ್ದು. ಮೊದಲೇ ಬರೆದಿಟ್ಟು ಹಂಚೋಕೆ ರೆಡಿ ಮಾಡಿಕೊಂಡಿದ್ರು ಅಂತ ವಿದ್ವಾಂಸರ ಅಂದಾಜು.

ಮುಂದಿನ ಪದ ಬಾಯ್ಕಾಟ್. ಅದು ಐರ್ಲೆಂಡ್‌ನಲ್ಲಿದ್ದ ಒಬ್ಬ ಮನುಷ್ಯನ ಹೆಸರು.