ಲೆಕ್ಕಕ್ಕೂ ಜೊತೆ ಬೇಕು

ಕ್ಯಾಲ್ಕುಲಸ್‌ನಲ್ಲಿ ಹುಡುಗರು ಫೇಲಾದರೆ ಅಧ್ಯಾಪಕರ ಕೊಠಡಿಯಲ್ಲಿ ಕಾರಣಗಳಿಗೆ ಬರವಿರುವುದಿಲ್ಲ. 1970ರ ದಶಕದ ನಡುವೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಅಲ್ಲಿ ಕ್ಯಾಲ್ಕುಲಸ್‌ಗೆ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 60 ಮಂದಿ ‘ಡಿ’ ಇಲ್ಲವೇ ‘ಎಫ್’ ದರ್ಜೆ ಪಡೆಯುತ್ತಿದ್ದರು. ಓದುವ ಛಲವಿಲ್ಲ, ಶಾಲೆಯಲ್ಲಿ ತಳಪಾಯ ಗಟ್ಟಿಯಾಗಿಲ್ಲ, ಮನೆಯವರ ಬೆಂಬಲವಿಲ್ಲ, ಬಡತನ ಬೇರೆ ಎಂದು ಪ್ರಾಧ್ಯಾಪಕರು ಹೇಳುತ್ತಿದ್ದರು. ಯೂರಿ ಟ್ರೈಸ್ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದನ್ನು ಪರೀಕ್ಷಿಸಿ ನೋಡಲು ಹೊರಟರು.

ಅವರು ಆರಿಸಿಕೊಂಡದ್ದು 20 ಕಪ್ಪು ವಿದ್ಯಾರ್ಥಿಗಳನ್ನು ಮತ್ತು ಚೀನೀ ಮೂಲದ 20 ವಿದ್ಯಾರ್ಥಿಗಳನ್ನು. ಪ್ರಶ್ನಾವಳಿ ಹಂಚಿ ಕೈತೊಳೆದುಕೊಳ್ಳಲಿಲ್ಲ. ಅವರ ಜೊತೆಗೇ ಇದ್ದು, ಓದುವುದನ್ನು ವಿಡಿಯೊದಲ್ಲಿ ಸೆರೆಹಿಡಿದರು. ಪ್ರಾಧ್ಯಾಪಕರ ನಾಲ್ಕು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಮಗು ಹುಟ್ಟುವ ಮೊದಲೇ ಕಾಲೇಜು ಓದಿಸಬೇಕೆಂದು ನಿಶ್ಚಯಿಸಿದ್ದ ತಂದೆತಾಯಂದಿರು ಕಪ್ಪು ವಿದ್ಯಾರ್ಥಿಗಳಿಗಿದ್ದರು. ಶಾಲೆಯಲ್ಲಿ ಮುಂದಿದ್ದವರೂ ಇಲ್ಲಿ ಎಡವಿದ್ದರು. ವ್ಯತ್ಯಾಸ ಕಂಡದ್ದು ಸಂಜೆಯ ಹೊತ್ತಿನಲ್ಲಿ. ಚೀನೀ ಮೂಲದವರು ಒಬ್ಬೊಬ್ಬರೇ ಲೆಕ್ಕ ಮಾಡಿ ಮುಗಿಸಿ, ಆಮೇಲೆ ಒಟ್ಟುಗೂಡುತ್ತಿದ್ದರು. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುವರು, ಹಳೆಯ ಪ್ರಶ್ನೆಪತ್ರಿಕೆ ತಿರುವಿಹಾಕುವರು. ಯಾರಿಗೂ ಬಿಡಿಸಲಾಗದ ಲೆಕ್ಕ ಎದುರಾದರೆ, ಅದು ನಿಜಕ್ಕೂ ಕಠಿಣ, ತಪ್ಪು ತಮ್ಮದಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಗಂಟೆ ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಂಟಿಯಾಗಿ. ಗೆಳೆತನ ಒಂದು ಕಡೆ, ಓದು ಇನ್ನೊಂದು ಕಡೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಅದು ತನ್ನೊಬ್ಬನ ಸೋಲು ಎಂದೇ ಪ್ರತಿಯೊಬ್ಬನೂ ಭಾವಿಸುತ್ತಿದ್ದ.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಹೆಜ್ಜೆ ಇದಾದ ಮೇಲೆ ಬಂದದ್ದು. ಹಿಂದುಳಿದವರಿಗೆ ಸುಲಭದ ಪಾಠ, ಪರಿಹಾರ ಬೋಧನೆ ಎಂಬುದು ಅಂದಿನ ರೂಢಿ. 1978ರ ಹೊತ್ತಿಗೆ ಟ್ರೈಸ್ಮನ್ ಶುರುಮಾಡಿದ ಕಾರ್ಯಾಗಾರ ಅದಕ್ಕೆ ತದ್ವಿರುದ್ಧ. ಪ್ರತಿಭಾವಂತರಿಗೆಂದೇ ಕರೆಕೊಟ್ಟು, ತರಗತಿಗಿಂತ ಕಠಿಣ ಲೆಕ್ಕಗಳ ಹಾಳೆ ಕೊಟ್ಟು, ಗುಂಪಿನಲ್ಲಿ ಕೂತು ಬಿಡಿಸಲು ಬಿಟ್ಟರು. ಬಂದವರಲ್ಲಿ ಹೆಚ್ಚಿನವರು ಕ್ಯಾಲ್ಕುಲಸ್ ದಾಟಿದ್ದಷ್ಟೇ ಅಲ್ಲ, ಒಳ್ಳೆಯ ದರ್ಜೆಯನ್ನೂ ಪಡೆದರು. ಈ ಕೆಲಸಕ್ಕೆ ಆಸರೆಯಾಗಿ ನಿಂತವರು ತರ್ಕಶಾಸ್ತ್ರದಲ್ಲಿ ಹೆಸರಾದ ಗಣಿತಜ್ಞ ಲಿಯೊನ್ ಹೆಂಕಿನ್.

ಮುಂದೆ ಟ್ರೈಸ್ಮನ್ ಟೆಕ್ಸಸ್‌ನ ಆಸ್ಟಿನ್‌ಗೆ ಹೋದರು. ಅಲ್ಲಿ 1988ರಲ್ಲಿ ಇದೇ ಮಾದರಿಯಲ್ಲಿ ಆರಂಭವಾದ ‘ಎಮರ್ಜಿಂಗ್ ಸ್ಕಾಲರ್ಸ್’ ಕಾರ್ಯಕ್ರಮವನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮದಾಗಿಸಿಕೊಂಡವು. 1992ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಬರ್ಕ್ಲಿಯ ಕಾರ್ಯಾಗಾರದ ಕೋಣೆಯಲ್ಲಿ ಕಂಡದ್ದಕ್ಕೆ ದೊಡ್ಡ ಲೆಕ್ಕದ ಬಲ ಬಂದದ್ದು ಬಹಳ ತಡವಾಗಿ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು: ಬರೀ ಉಪನ್ಯಾಸ ಕೇಳುವ ತರಗತಿಯಲ್ಲಿ ಶೇ. 33.8 ಮಂದಿ ಫೇಲಾದರೆ, ವಿದ್ಯಾರ್ಥಿಗಳೇ ಕೆಲಸದಲ್ಲಿ ತೊಡಗುವ ತರಗತಿಯಲ್ಲಿ ಶೇ. 21.8. ಇಂಥ ತರಗತಿಯಲ್ಲಿ ಅವಕಾಶವಂಚಿತ ಸಮುದಾಯದವರಿಗೂ ಉಳಿದವರಿಗೂ ನಡುವಿನ ಅಂತರ ತಗ್ಗುತ್ತದೆ ಎಂದು 2020ರ ಇನ್ನೊಂದು ವಿಶ್ಲೇಷಣೆ ತೋರಿಸಿತು. ಅಂತರವನ್ನೇ ಸದಾ ಅಳೆಯುತ್ತ ಕೂತರೆ ಮಕ್ಕಳ ಕೊರತೆಯೇ ಕಣ್ಣಿಗೆ ತುಂಬುತ್ತದೆ ಎಂದು ಗಣಿತ ಶಿಕ್ಷಣದ ಸಂಶೋಧಕಿ ರೊಶೆಲ್ ಗುಟಿಯೆರೆಸ್ 2008ರಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆ ನ್ಯಾಯವಾದದ್ದು. ಬರ್ಕ್ಲಿಯ ಪ್ರಾಧ್ಯಾಪಕರು ಎಡವಿದ್ದೂ ಅಲ್ಲೇ.

ಅಮೆರಿಕದಲ್ಲಿ ಈಗ ಚರ್ಚೆ ಪಠ್ಯಕ್ರಮಕ್ಕೇ ಬಂದು ನಿಂತಿದೆ. ನರ್ಸಿಂಗ್ ಅಥವಾ ಸಮಾಜಶಾಸ್ತ್ರ ಓದುವವರಿಗೆ ಬೀಜಗಣಿತದ ಪರಿಹಾರ ತರಗತಿಗಳ ಸರಪಳಿ ಏಕೆ, ಸಂಖ್ಯಾಶಾಸ್ತ್ರ ಸಾಲದೇ ಎಂಬ ಪ್ರಶ್ನೆ ಎದ್ದಿದೆ. ಸಮುದಾಯ ಕಾಲೇಜುಗಳಲ್ಲಿ ಅಂಥ ಬದಲಿ ಹಾದಿಗಳನ್ನು ರೂಪಿಸುವುದರಲ್ಲಿ ಟ್ರೈಸ್ಮನ್ ಕಟ್ಟಿದ ಡೇನಾ ಕೇಂದ್ರದ ಪಾಲು ದೊಡ್ಡದು. ಇಷ್ಟೆಲ್ಲದರ ನಡುವೆ ಅವರು ಆಸ್ಟಿನ್‌ನಲ್ಲಿ ಮೊದಲ ವರ್ಷದವರಿಗೆ ಕ್ಯಾಲ್ಕುಲಸ್ ಪಾಠ ಮಾಡುವುದನ್ನು ಮಾತ್ರ ಬಿಡಲಿಲ್ಲ.