ಟೈರಿನ ತಯಾರಿಕಾ ದಿನಾಂಕ

ಟೈರಿನ ತಯಾರಿಕಾ ದಿನಾಂಕವೆಂದರೆ ವಾಹನದ ಟೈರು ಕಾರ್ಖಾನೆಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ, ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿದ ನಾಲ್ಕು ಅಂಕಿಗಳ ಗುರುತು. ಬಳಕೆಯಾಗದಿದ್ದರೂ ರಬ್ಬರು ಕಾಲಕ್ರಮೇಣ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಟೈರಿನ ವಯಸ್ಸನ್ನು ಸಾಮಾನ್ಯವಾಗಿ ಅದು ಮಾರಾಟವಾದ ದಿನದಿಂದ ಎಣಿಸದೆ ತಯಾರಾದ ದಿನದಿಂದ ಎಣಿಸಲಾಗುತ್ತದೆ. ಸರಿಯಾಗಿ ದಾಸ್ತಾನು ಮಾಡಿದ ಹೊಸ ಟೈರು ಒಂದೆರಡು ವರ್ಷ ಹಳೆಯದಾಗಿದ್ದರೆ ಅದರ ಸುರಕ್ಷತೆಯಲ್ಲಿ ಗಮನಾರ್ಹ ವ್ಯತ್ಯಾಸವಾಗುವುದಿಲ್ಲ. ಆದರೆ ಅದರ ಒಟ್ಟು ಆಯುಷ್ಯದಲ್ಲಿ ಅಷ್ಟು ಭಾಗ ಕಳೆದಿರುತ್ತದೆ. ಹೀಗಾಗಿ ದಿನಾಂಕದ ಮಹತ್ವವು ಟೈರನ್ನು ಎಲ್ಲಿ ಇಡಲಾಗಿತ್ತು ಮತ್ತು ಮುಂದೆ ಎಷ್ಟು ಬಳಸಲಾಗುತ್ತದೆ ಎಂಬುದನ್ನು ಅವಲಂಬಿಸಿದೆ.

ಗುರುತನ್ನು ಓದುವ ಕ್ರಮ

ಈ ಗುರುತಿನ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಾರಿಗೆ ಇಲಾಖೆಯ ನಿಯಮದಿಂದ ಬಂದಿದ್ದು, ಈಗ ಜಗತ್ತಿನ ಬಹುಪಾಲು ಟೈರುಗಳಲ್ಲಿ ಕಂಡುಬರುತ್ತದೆ. ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತ ಸಾಲಿನಲ್ಲಿ ಕಾರ್ಖಾನೆ, ಅಳತೆ ಮುಂತಾದವುಗಳ ಸಂಕೇತಗಳಿದ್ದು, ಕೊನೆಯ ನಾಲ್ಕು ಅಂಕಿಗಳು ದಿನಾಂಕವನ್ನು ತಿಳಿಸುತ್ತವೆ. ಅವುಗಳಲ್ಲಿ ಮೊದಲ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ. ಉದಾಹರಣೆಗೆ, 3523 ಎಂದಿದ್ದರೆ ಆ ಟೈರು 2023ನೇ ಇಸವಿಯ 35ನೇ ವಾರದಲ್ಲಿ, ಅಂದರೆ ಆಗಸ್ಟ್ ತಿಂಗಳ ಅಂತ್ಯದ ಹೊತ್ತಿಗೆ, ತಯಾರಾಗಿದೆ.

2000ಕ್ಕಿಂತ ಮೊದಲು ಮೂರೇ ಅಂಕಿಗಳನ್ನು ಬಳಸಲಾಗುತ್ತಿತ್ತು. 408 ಎಂಬ ಗುರುತಿನಲ್ಲಿ 40 ವಾರವನ್ನೂ 8 ಆ ದಶಕದ ಎಂಟನೆಯ ವರ್ಷವನ್ನೂ ಹೇಳುತ್ತಿತ್ತು. ಅದು 1988 ಇರಬಹುದು, 1998 ಇರಬಹುದು. ಈ ಗೊಂದಲವನ್ನು ನಿವಾರಿಸಲು ಕೆಲವು ತಯಾರಕರು 1990ರ ದಶಕದ ಟೈರುಗಳಲ್ಲಿ ಅಂಕಿಗಳ ಮುಂದೆ ಒಂದು ಸಣ್ಣ ತ್ರಿಕೋನವನ್ನು ಸೇರಿಸುತ್ತಿದ್ದರು. ಇಂದು ಮೂರು ಅಂಕಿಗಳ ಗುರುತುಳ್ಳ ಟೈರು ಕಂಡರೆ ಅದು ಎರಡು ದಶಕಗಳಿಗಿಂತ ಹಳೆಯದು ಎಂದೇ ಅರ್ಥ.

ದಿನಾಂಕ ಸಹಿತವಾದ ಪೂರ್ಣ ಸಂಕೇತವು ಹಲವು ಟೈರುಗಳಲ್ಲಿ ಒಂದು ಬದಿಯಲ್ಲಿ ಮಾತ್ರ ಇರುತ್ತದೆ. ಆ ಬದಿಯನ್ನು ಒಳಮುಖವಾಗಿ ಜೋಡಿಸಿದ್ದರೆ ಹೊರಗಿನಿಂದ ನೋಡಿದವರಿಗೆ ದಿನಾಂಕ ಕಾಣಿಸುವುದಿಲ್ಲ.

ರಬ್ಬರು ಶಿಥಿಲವಾಗುವ ಬಗೆ

ಕಚ್ಚಾ ರಬ್ಬರನ್ನು ಗಂಧಕದೊಡನೆ ಬಿಸಿ ಮಾಡಿದಾಗ ಅದರ ಉದ್ದನೆಯ ಅಣುಸರಪಳಿಗಳ ನಡುವೆ ಅಡ್ಡ ಬಂಧಗಳು ಏರ್ಪಟ್ಟು, ರಬ್ಬರು ಗಟ್ಟಿಯೂ ಸ್ಥಿತಿಸ್ಥಾಪಕವೂ ಆಗುತ್ತದೆ. ವಲ್ಕನೀಕರಣವೆಂದು ಕರೆಯುವ ಈ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಟೈರು ಕಾರ್ಖಾನೆಯಿಂದ ಹೊರಬಂದ ಮೇಲೂ ಈ ರಾಸಾಯನಿಕ ಬದಲಾವಣೆ ಪೂರ್ತಿಯಾಗಿ ನಿಲ್ಲುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವು ರಬ್ಬರಿನೊಳಗೆ ನಿಧಾನವಾಗಿ ಇಳಿದು ಹೊಸ ಬಂಧಗಳನ್ನು ಉಂಟುಮಾಡುತ್ತದೆ, ಕೆಲವು ಸರಪಳಿಗಳನ್ನು ತುಂಡರಿಸುತ್ತದೆ. ಇದರಿಂದ ರಬ್ಬರು ಗಡಸಾಗಿ, ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಡಸಾದ ಟ್ರೆಡ್ ಒದ್ದೆ ರಸ್ತೆಯಲ್ಲಿ ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ಹೆಚ್ಚು ಅಪಾಯಕಾರಿಯಾದ ಬದಲಾವಣೆ ನಡೆಯುವುದು ಕಣ್ಣಿಗೆ ಕಾಣದ ಭಾಗದಲ್ಲಿ. ರೇಡಿಯಲ್ ಟೈರಿನ ಟ್ರೆಡ್ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಗಳಿರುತ್ತವೆ. ಟೈರಿನೊಳಗೆ ಒತ್ತಿ ತುಂಬಿದ ಗಾಳಿಯು ಒಳಪದರದ ಮೂಲಕ ಅತಿ ಸೂಕ್ಷ್ಮವಾಗಿ ಜಿನುಗುತ್ತಾ ಈ ಪಟ್ಟಿಗಳನ್ನು ಹಿಡಿದಿರುವ ರಬ್ಬರಿಗೆ ಆಮ್ಲಜನಕವನ್ನು ಒದಗಿಸುತ್ತದೆ. ಪಟ್ಟಿಗಳ ಅಂಚಿನಲ್ಲಿ ರಬ್ಬರು ದುರ್ಬಲವಾದಾಗ ಅಲ್ಲಿ ಸಣ್ಣ ಬಿರುಕುಗಳು ಹುಟ್ಟಿ ಬೆಳೆಯುತ್ತವೆ. ಕೊನೆಗೆ ವೇಗದ ಓಟದಲ್ಲಿ ಟ್ರೆಡ್ ಪದರವೇ ಕಿತ್ತುಬರಬಹುದು ಇಲ್ಲವೇ ಟೈರು ಸಿಡಿಯಬಹುದು. ಹೊರಗಿನಿಂದ ಒಳ್ಳೆಯ ಸ್ಥಿತಿಯಲ್ಲಿರುವಂತೆ ಕಾಣುವ ಟೈರಿನಲ್ಲೂ ಇದು ಸಂಭವಿಸಬಹುದು.

ಪಕ್ಕದ ಗೋಡೆಯ ಮೇಲೆ ಕಾಣುವ ಕೂದಲೆಳೆಯ ಬಿರುಕುಗಳಿಗೆ ಮುಖ್ಯ ಕಾರಣ ಓಝೋನ್ ಅನಿಲ. ಇದನ್ನು ತಡೆಯಲು ರಬ್ಬರಿಗೆ ಓಝೋನ್ ನಿರೋಧಕಗಳನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಟೈರು ಉರುಳುವಾಗ ಅದರ ಗೋಡೆ ಬಾಗಿ ಬಳುಕುವುದರಿಂದ ಈ ವಸ್ತುಗಳು ಮೇಲ್ಮೈಗೆ ಬಂದು ರಕ್ಷಾಪದರವನ್ನು ನಿರ್ಮಿಸುತ್ತವೆ. ವರ್ಷಗಟ್ಟಲೆ ನಿಂತಲ್ಲೇ ನಿಂತ ವಾಹನದ ಟೈರಿನಲ್ಲಿ ಈ ಕ್ರಿಯೆ ಸರಿಯಾಗಿ ನಡೆಯದೆ ಬಿರುಕುಗಳು ಬೇಗ ಕಾಣಿಸಿಕೊಳ್ಳುತ್ತವೆ.

ದಾಸ್ತಾನು ಮತ್ತು ಉಷ್ಣತೆಯ ಪ್ರಭಾವ

ಉಷ್ಣತೆ 10° ಸೆಲ್ಸಿಯಸ್ ಏರಿದಂತೆಲ್ಲ ಇಂತಹ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕಾಚಾರ. ಉಗ್ರಾಣದಲ್ಲಿ ತಂಪಾದ, ಒಣಗಿದ, ಬಿಸಿಲು ಬೀಳದ ಜಾಗದಲ್ಲಿ ಇಟ್ಟ ಟೈರಿನ ಮೇಲೆ ಭಾರವಿಲ್ಲ, ಒಳಗೆ ಗಾಳಿಯ ಒತ್ತಡವಿಲ್ಲ, ಓಟದ ಬಿಸಿಯೂ ಇಲ್ಲ. ಆದ್ದರಿಂದ ಅಂತಹ ಟೈರು ಶಿಥಿಲವಾಗುವುದು ಬಹಳ ನಿಧಾನ. ಅದೇ ಟೈರನ್ನು ಅಂಗಡಿಯ ಮುಂದೆ ಬಿಸಿಲಿನಲ್ಲಿ ಪೇರಿಸಿಟ್ಟರೆ, ಅಥವಾ ಓಝೋನ್ ಹೊರಬಿಡುವ ವಿದ್ಯುತ್ ಮೋಟಾರು, ವೆಲ್ಡಿಂಗ್ ಯಂತ್ರಗಳ ಬಳಿ ಇಟ್ಟರೆ, ಕಡಿಮೆ ಅವಧಿಯಲ್ಲೇ ಹಾನಿಯಾಗುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40° ಸೆಲ್ಸಿಯಸ್ ಮೀರುವ ಕಲಬುರಗಿ, ರಾಯಚೂರುಗಳಂತಹ ಪ್ರದೇಶಗಳಲ್ಲಿ ದಾಸ್ತಾನಿನ ಕ್ರಮಕ್ಕೆ ಹೆಚ್ಚಿನ ಮಹತ್ವವಿದೆ.

ತಯಾರಿಕಾ ದಿನಾಂಕವು ಟೈರಿನ ವಯಸ್ಸನ್ನು ಮಾತ್ರ ಹೇಳುತ್ತದೆ. ಅದು ಆ ಕಾಲವನ್ನು ಎಲ್ಲಿ, ಹೇಗೆ ಕಳೆಯಿತು ಎಂಬುದನ್ನು ಹೇಳುವುದಿಲ್ಲ. ತಂಪಾದ ಉಗ್ರಾಣದಲ್ಲಿದ್ದ ಎರಡು ವರ್ಷದ ಟೈರು, ಬಿಸಿಲಿನಲ್ಲಿ ಬಿದ್ದಿದ್ದ ಆರು ತಿಂಗಳ ಟೈರಿಗಿಂತ ಉತ್ತಮವಾಗಿರಬಹುದು.

ಸಂಶೋಧನೆ

ಕಾರಿನ ಟೈರಿನ ವಯಸ್ಸು ಸಾರ್ವಜನಿಕ ಚರ್ಚೆಗೆ ಬಂದದ್ದು ಹೆಚ್ಚಾಗಿ 2000ದ ನಂತರ. ಆ ವರ್ಷದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು ಟ್ರೆಡ್ ಕಿತ್ತುಹೋಗುವ ದೋಷದ ಕಾರಣ ಲಕ್ಷಾಂತರ ಟೈರುಗಳನ್ನು ಹಿಂಪಡೆಯಿತು. ಅದೇ ವರ್ಷ ಅಮೆರಿಕದ ಸಂಸತ್ತು ವಾಹನ ಮತ್ತು ಟೈರುಗಳ ಸುರಕ್ಷತೆಗೆ ಸಂಬಂಧಿಸಿದ ಹೊಸ ಕಾನೂನನ್ನು ಅಂಗೀಕರಿಸಿತು. ಬಳಿಕ ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಬಿಸಿ ಹವೆಯ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಬಳಕೆಯಲ್ಲಿದ್ದ ಟೈರುಗಳನ್ನು ಸಂಗ್ರಹಿಸಿ ಪರೀಕ್ಷಿಸಿತು.

ಅದು 2007ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಒಂದು ದೊಡ್ಡ ವಿಮಾ ಕಂಪನಿಯ ಅಂಕಿಅಂಶಗಳಿವೆ. ಆ ಕಂಪನಿಯ ಪಾಲಿಸಿದಾರರಲ್ಲಿ ಶೇ. 27ರಷ್ಟು ಮಂದಿ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಲೂಸಿಯಾನಾ, ಫ್ಲಾರಿಡಾ ಮತ್ತು ಅರಿಜೋನಾ ಎಂಬ ಐದು ಬೆಚ್ಚನೆಯ ರಾಜ್ಯಗಳವರಾಗಿದ್ದರು; ಆದರೆ ಟೈರಿಗೆ ಸಂಬಂಧಿಸಿದ ಪರಿಹಾರ ಕೋರಿಕೆಗಳಲ್ಲಿ ಶೇ. 77ರಷ್ಟು ಆ ರಾಜ್ಯಗಳಿಂದಲೇ ಬಂದಿದ್ದವು. ಅವುಗಳಲ್ಲಿ ಶೇ. 84ರಷ್ಟು ಆರು ವರ್ಷ ಮೀರಿದ ಟೈರುಗಳಿಗೆ ಸಂಬಂಧಿಸಿದ್ದವು. ಕಾಲ ಮತ್ತು ಉಷ್ಣತೆ ಒಟ್ಟಾಗಿ ಕೆಲಸ ಮಾಡುತ್ತವೆ ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಹಿಂಡ್‌ಹೆಡ್ ಅಪಘಾತ ಮತ್ತು ಬ್ರಿಟನ್ನಿನ ಕಾನೂನು

2012ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಹಿಂಡ್‌ಹೆಡ್ ಬಳಿ, ಸಂಗೀತೋತ್ಸವ ಮುಗಿಸಿ ಹಿಂತಿರುಗುತ್ತಿದ್ದವರ ಬಸ್ಸೊಂದು ಮುಂದಿನ ಟೈರು ಸಿಡಿದು ರಸ್ತೆಯಿಂದಾಚೆ ನುಗ್ಗಿತು. ಚಾಲಕ ಮತ್ತು ಇಬ್ಬರು ಪ್ರಯಾಣಿಕರು ಮೃತಪಟ್ಟರು. ಸಿಡಿದ ಟೈರಿಗೆ 19 ವರ್ಷ ಮೀರಿತ್ತು. ಅಷ್ಟು ಹಳೆಯ ಟೈರನ್ನು ಬಳಸಬಾರದೆಂಬ ನಿಯಮ ಆಗ ಇರಲಿಲ್ಲ. ಮೃತ ಯುವಕನೊಬ್ಬನ ತಾಯಿ ವರ್ಷಗಳ ಕಾಲ ನಡೆಸಿದ ಹೋರಾಟದ ನಂತರ, 2021ರ ಫೆಬ್ರವರಿ 1ರಿಂದ ಗ್ರೇಟ್ ಬ್ರಿಟನ್ನಿನಲ್ಲಿ ಲಾರಿ ಮತ್ತು ಬಸ್ಸುಗಳ ಮುಂದಿನ ಅಚ್ಚುಗಳಲ್ಲೂ ಮಿನಿ ಬಸ್ಸುಗಳ ಒಂಟಿ ಚಕ್ರಗಳಲ್ಲೂ 10 ವರ್ಷ ಮೀರಿದ ಟೈರುಗಳನ್ನು ನಿಷೇಧಿಸಲಾಯಿತು. ಈ ವಾಹನಗಳ ಟೈರುಗಳಲ್ಲಿ ದಿನಾಂಕ ಓದಲು ಬರುವಂತಿರಬೇಕೆಂಬುದೂ ಕಡ್ಡಾಯವಾಯಿತು. ಈ ನಿಷೇಧ ಖಾಸಗಿ ಕಾರುಗಳಿಗೆ ಅನ್ವಯಿಸುವುದಿಲ್ಲ.

ಇತರ ನಿಯಮಗಳು ಮತ್ತು ಸಲಹೆಗಳು

ಜರ್ಮನಿಯ ಟೈರು ವ್ಯಾಪಾರದಲ್ಲಿ, ಬಳಸದೆ ಸರಿಯಾಗಿ ಇರಿಸಿದ ಟೈರನ್ನು ಮೂರು ವರ್ಷಗಳವರೆಗೆ ‘ಕಾರ್ಖಾನೆಯಿಂದ ಹೊಸದು’ ಎಂದೂ ಐದು ವರ್ಷಗಳವರೆಗೆ ‘ಹೊಸದು’ ಎಂದೂ ಪರಿಗಣಿಸುವುದು ರೂಢಿ. ಅಲ್ಲಿ ಗಂಟೆಗೆ 100 ಕಿ.ಮೀ. ವೇಗದ ಅನುಮತಿ ಪಡೆದ ಟ್ರೇಲರುಗಳ ಟೈರುಗಳು ಆರು ವರ್ಷ ಮೀರಿರಬಾರದು.

ಭಾರತದಲ್ಲಿ 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ವಾಹನಗಳ ಟೈರುಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತನ್ನು ಕಡ್ಡಾಯಗೊಳಿಸಲಾಗಿದೆ. ಕಾರಿನ ಟೈರುಗಳಲ್ಲಿ ಟ್ರೆಡ್ ಸವೆತದ ಮಿತಿಯನ್ನು ತೋರಿಸುವ ಗುರುತು 1.6 ಮಿ.ಮೀ. ಎತ್ತರದಲ್ಲಿರುತ್ತದೆ. ಅದು ಸವೆತವನ್ನು ಅಳೆಯುತ್ತದೆಯೇ ಹೊರತು ವಯಸ್ಸನ್ನಲ್ಲ.

ಮಿಷೆಲಿನ್, ಕಾಂಟಿನೆಂಟಲ್ ಮೊದಲಾದ ಟೈರು ತಯಾರಕರು 10 ವರ್ಷವಾದ ಟೈರನ್ನು, ಸ್ಟೆಪ್ನಿಯೂ ಸೇರಿದಂತೆ, ಬದಲಿಸಲು ಸಲಹೆ ನೀಡುತ್ತಾರೆ. ಕೆಲವು ಕಾರು ತಯಾರಕರ ಕೈಪಿಡಿಗಳು ಆರು ವರ್ಷಗಳ ಮಿತಿಯನ್ನು ಸೂಚಿಸುತ್ತವೆ.

ಕೊಳ್ಳುವವರ ದೃಷ್ಟಿಯಿಂದ

ದಿನಾಂಕದ ಮಹತ್ವವು ವಾಹನದ ಓಟಕ್ಕೆ ತಕ್ಕಂತೆ ಬದಲಾಗುತ್ತದೆ. 45,000 ಕಿ.ಮೀ. ಬಾಳುವ ಟೈರನ್ನು ವರ್ಷಕ್ಕೆ 15,000 ಕಿ.ಮೀ. ಓಡುವ ಕಾರಿಗೆ ಹಾಕಿದರೆ ಅದು ಮೂರು ವರ್ಷಗಳಲ್ಲಿ ಸವೆಯುತ್ತದೆ. ಕೊಳ್ಳುವಾಗ ಅದಕ್ಕೆ ಎರಡು ವರ್ಷವಾಗಿದ್ದರೂ ಬದಲಿಸುವ ಹೊತ್ತಿಗೆ ಐದು ವರ್ಷವಾಗಿರುತ್ತದೆ. ಇಲ್ಲಿ ವಯಸ್ಸಿಗಿಂತ ಸವೆತವೇ ಮೊದಲು ಮಿತಿಯನ್ನು ಮುಟ್ಟುತ್ತದೆ. ಅದೇ ಟೈರನ್ನು ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡುವ ಕಾರಿಗೆ ಹಾಕಿದರೆ ಸವೆಯಲು 11 ವರ್ಷ ಬೇಕು. ಅಂತಹ ಕಾರಿನಲ್ಲಿ ಟ್ರೆಡ್ ಉಳಿದಿರುವಾಗಲೇ ಟೈರಿನ ಆಯುಷ್ಯ ಮುಗಿಯುವುದರಿಂದ ಎರಡು ವರ್ಷ ಹಳೆಯ ದಾಸ್ತಾನು ನಿಜವಾದ ನಷ್ಟವೇ ಆಗುತ್ತದೆ.

ಆದ್ದರಿಂದ ಅಪರೂಪಕ್ಕೆ ಬಳಸುವ ಕಾರು, ಟ್ರೇಲರ್ ಮತ್ತು ಸ್ಟೆಪ್ನಿಗಳ ವಿಷಯದಲ್ಲಿ ದಿನಾಂಕವನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ಸ್ಟೆಪ್ನಿಯು ವಾಹನದ ಡಿಕ್ಕಿಯಲ್ಲಿ ಬಳಕೆಯಾಗದೆ ಉಳಿದು, ತುರ್ತು ಸಂದರ್ಭದಲ್ಲಿ ಹೊರಬರುವಾಗ ಹತ್ತು ವರ್ಷ ದಾಟಿರಬಹುದು. ಬಳಸಿದ ಕಾರನ್ನು ಕೊಳ್ಳುವಾಗ ಐದೂ ಟೈರುಗಳ ದಿನಾಂಕವನ್ನು ನೋಡುವುದು ಒಳಿತು. ಹೊಸ ಟೈರಿನ ವಾರಂಟಿಯನ್ನು ತಯಾರಿಕಾ ದಿನಾಂಕದಿಂದ ಎಣಿಸಬೇಕೋ ರಸೀದಿಯ ದಿನಾಂಕದಿಂದ ಎಣಿಸಬೇಕೋ ಎಂಬುದು ತಯಾರಕರನ್ನು ಅವಲಂಬಿಸಿರುವುದರಿಂದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅವಶ್ಯಕ.

ದಿನಾಂಕ ಹೊಸದಾಗಿದ್ದ ಮಾತ್ರಕ್ಕೆ ಟೈರು ಸುರಕ್ಷಿತವೆನ್ನಲಾಗದು. ಕಡಿಮೆ ಗಾಳಿಯಲ್ಲಿ ಅಥವಾ ಮಿತಿಮೀರಿದ ಭಾರದಲ್ಲಿ ಓಡಿದ ಟೈರು ಅತಿಯಾಗಿ ಬಾಗಿ, ಬಿಸಿಯೇರಿ, ವಯಸ್ಸು ಎಷ್ಟೇ ಇದ್ದರೂ ಹಾಳಾಗುತ್ತದೆ. ಬಿರುಕು, ಉಬ್ಬು, ಅಸಮ ಸವೆತ ಮತ್ತು ಅಸಹಜ ಕಂಪನಗಳು ಯಾವುದೇ ವಯಸ್ಸಿನ ಟೈರಿನಲ್ಲಿ ತಪಾಸಣೆಯ ಅಗತ್ಯವನ್ನು ಸೂಚಿಸುತ್ತವೆ.

ಇವನ್ನೂ ನೋಡಿ

ವಲ್ಕನೀಕರಣ
ರಬ್ಬರು
ರೇಡಿಯಲ್ ಟೈರು
ರಸ್ತೆ ಸುರಕ್ಷತೆ